ಬಂಡೀಪುರದ ಕಾಡ್ಗಿಚ್ಚಿಗೆ ಉಪಗ್ರಹದ ಕಾವಲು: ನಾನು ಅನುಸರಿಸುವ ಕ್ರಮ

ಜನವರಿ ಕೊನೆಯಿಂದ ಬೇಸಿಗೆಯ ಮೊದಲ ಹದ ಮಳೆ ಬೀಳುವವರೆಗೆ ಬಂಡೀಪುರದ ಎಲೆ ಉದುರುವ ಕಾಡಿನ ನೆಲವೆಲ್ಲ ತರಗೆಲೆ, ಒಣಹುಲ್ಲು, ಲಂಟಾನ. ಆ ದಿನಗಳಲ್ಲಿ ನಾನು ಮೊದಲು ತೆರೆಯುವುದು ನಾಸಾದ ಫರ್ಮ್ಸ್ ತಾಣವನ್ನು. ಅಲ್ಲಿ ವಿಯರ್ಸ್ ಸಂವೇದಕ ಗುರುತಿಸಿದ ಬೆಂಕಿ ಬಿಂದುಗಳು ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯೊಳಗೆ ಸಿಗುತ್ತವೆ. ಇಮೇಲ್ ವಿಳಾಸ ಕೊಟ್ಟರೆ ಉಚಿತವಾಗಿ ಒಂದು ಕೀ (ಪ್ರವೇಶ ಸಂಕೇತ) ಕಳಿಸುತ್ತಾರೆ. ಅದನ್ನಿಟ್ಟುಕೊಂಡು ಬೇಕಾದ ಚೌಕದ ದತ್ತಾಂಶವನ್ನು ಸಿಎಸ್‌ವಿ ಕೋಷ್ಟಕದ ಕಡತವಾಗಿ ತರಿಸಿಕೊಳ್ಳಬಹುದು.

ನನ್ನ ಚೌಕ ಡಿಗ್ರಿಗಳಲ್ಲಿ ಇದು: ಪಶ್ಚಿಮ 76.15, ದಕ್ಷಿಣ 11.50, ಪೂರ್ವ 76.90, ಉತ್ತರ 12.00. ಉದ್ಯಾನದ ಗಡಿಗಿಂತ ಇದು ದೊಡ್ಡದು. ಮುದುಮಲೆಯ ಮತ್ತು ವಯನಾಡಿನ ಅಂಚುಗಳೂ, ಗುಂಡ್ಲುಪೇಟೆ ಕಡೆಯ ಹೊಲಗಳೂ ಇದರೊಳಗೆ ಬರುತ್ತವೆ. ಬೆಂಕಿಗೆ ರಾಜ್ಯದ ಗಡಿ ಗೊತ್ತಿಲ್ಲವಾದ್ದರಿಂದ ಇಷ್ಟು ಅಗಲ ಬೇಕೇ ಬೇಕು. ಭಾರತೀಯ ಅರಣ್ಯ ಸಮೀಕ್ಷೆಯೂ ಇದೇ ಉಪಗ್ರಹಗಳ ಬಿಂದುಗಳನ್ನು ಅರಣ್ಯ ನಕ್ಷೆಯಲ್ಲಿ ಸೋಸಿ ಎಸ್‌ಎಂಎಸ್ ಕಳಿಸುತ್ತದೆ. ಹೆಸರು ನೋಂದಾಯಿಸಿದರೆ ಯಾರಿಗಾದರೂ ಬರುತ್ತದೆ, ನೋಂದಾಯಿಸಿಕೊಳ್ಳಿ. ಆದರೆ ಆ ಸೋಸುವಿಕೆಯಲ್ಲಿ ಬಿಟ್ಟುಹೋಗುವ, ಕಾಡಂಚಿನ ಹೊಲದ ಬಿಂದುಗಳೇ ನನಗೆ ಮುಖ್ಯ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಗಡಿಯಿಂದ ಹೊರಕ್ಕೆ 2 ಕಿ.ಮೀ. ಪಟ್ಟಿ ಎಳೆದು ಅದರೊಳಗಿನ ಬಿಂದುಗಳನ್ನು ಬೇರೆ ಬಣ್ಣದಲ್ಲಿ ಇಡುತ್ತೇನೆ.

ಎಲ್ಲರೂ ಎಡವುವುದು ಸಮಯದ ಕಾಲಂನಲ್ಲಿ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಜೊತೆಗೆ ಮುಂದಿನ ಸೊನ್ನೆ ಬಿದ್ದುಹೋಗಿರುತ್ತದೆ. 754 ಎಂದಿದ್ದರೆ 07:54, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಮಧ್ಯಾಹ್ನ 1:24. ರಾತ್ರಿಯ ಹಾದಿಯಲ್ಲಿ ಪೇಚು ಇನ್ನೂ ಹೆಚ್ಚು: 2012 ಎಂದರೆ ನಮ್ಮ ಲೆಕ್ಕಕ್ಕೆ ಮರುದಿನ ಬೆಳಗಿನ ಜಾವ 1:42. ದಿನಾಂಕದ ಕಾಲಂ ಮಾತ್ರ ಹಿಂದಿನ ದಿನವನ್ನೇ ತೋರಿಸುತ್ತದೆ. ಅದನ್ನು ತಿದ್ದದೆ ಕಳಿಸಿದರೆ, ಈಗ ಉರಿಯುತ್ತಿರುವ ಬೆಂಕಿಯನ್ನು ನಿನ್ನೆಯದೆಂದು ಬಿಟ್ಟುಬಿಡುತ್ತಾರೆ. ಹಾಗಾಗಿ ಕಡತ ಇಳಿದ ಕೂಡಲೇ ದಿನಾಂಕ, ಸಮಯ ಎರಡನ್ನೂ ಸೇರಿಸಿ ಭಾರತೀಯ ಕಾಲಮಾನದ ಒಂದೇ ಹೊಸ ಕಾಲಂ ಮಾಡಿಕೊಳ್ಳಬೇಕು.

ವಿಯರ್ಸ್ ಹೊತ್ತ ಉಪಗ್ರಹಗಳು ಮೂರು: ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21. ಮೂರೂ ಸ್ಥಳೀಯ ಸೌರಮಾನ ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲೇ ಹಾದುಹೋಗುತ್ತವೆ. ಎಂದರೆ ಮಧ್ಯಾಹ್ನ ಮೂರೂವರೆಗೆ ಹತ್ತಿ ರಾತ್ರಿ ಹತ್ತಕ್ಕೆ ಆರಿದ ಬೆಂಕಿ ಇವುಗಳ ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷೆ ಖಾಲಿ ಇದೆ ಎಂದು ಕಾವಲುಗೋಪುರದವರನ್ನು ಇಳಿಸಬಾರದು. ಈ ನಡುವಿನ ಹೊತ್ತಿಗೆ ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ ನಿಜ, ಆದರೆ ಅದರ ಉಷ್ಣ ಚಿತ್ರದ ಒಂದೊಂದು ಚುಕ್ಕಿ, ಅಂದರೆ ಪಿಕ್ಸೆಲ್, 4 ಕಿ.ಮೀ. ಅಗಲ. ದೊಡ್ಡ ಬೆಂಕಿಯಾದರೆ ಸರಿ, ಆಗ ತಾನೇ ಹತ್ತಿದ್ದಕ್ಕೆ ಅದು ಉಪಯೋಗವಿಲ್ಲ.

ಬಿಂದು ಎಂದರೆ ಬೆಂಕಿ ಇರುವ ಜಾಗವಲ್ಲ, ಪಿಕ್ಸೆಲ್‌ನ ನಡುಮಧ್ಯ. ಉಪಗ್ರಹ ನೆತ್ತಿಯ ಮೇಲಿದ್ದಾಗ ಪಿಕ್ಸೆಲ್ 375 ಮೀಟರ್, ನೋಟದ ಅಂಚಿಗೆ ಸರಿದಾಗ ಅದರ ಎರಡು ಪಟ್ಟಿನಷ್ಟು. ಸ್ಕ್ಯಾನ್, ಟ್ರ್ಯಾಕ್ ಎಂಬ ಎರಡು ಕಾಲಂಗಳು ಆ ಅಳತೆಯನ್ನು ಕಿಲೋಮೀಟರಿನಲ್ಲಿ ಹೇಳುತ್ತವೆ. ನಾನು ಬಿಂದುವಿನ ಬದಲು ಆ ಅಳತೆಯ ಚೌಕವನ್ನೇ ನಕ್ಷೆಯ ಮೇಲೆ ಬಿಡಿಸುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಅಕ್ಷಾಂಶ ರೇಖಾಂಶಕ್ಕೆ ದಶಾಂಶದ ಮುಂದೆ ಮೂರು ಅಂಕಿ ಸಾಕು, ಅದೇ ನೂರು ಮೀಟರಿನ ಸೂಕ್ಷ್ಮತೆ. ಐದು ಅಂಕಿ ಕೊಟ್ಟರೆ ಫೈರ್ ವಾಚರ್‌ಗಳು ಆ ಒಂದೇ ಜಾಗಕ್ಕೆ ಹೋಗಿ ಹೊಗೆ ಕಾಣದೆ ಮರಳುತ್ತಾರೆ. ಸಂಖ್ಯೆಗಿಂತ ಮೊದಲು ವಲಯದ ಹೆಸರು, ಹತ್ತಿರದ ಕೆರೆ ಅಥವಾ ರಸ್ತೆ, ಉಪಗ್ರಹ ನೋಡಿದ ಹೊತ್ತು ಇಷ್ಟನ್ನು ಬರೆಯಬೇಕು. ಗುಡ್ಡದ ಇಳಿಜಾರಿನಲ್ಲಿ ಬಿಂದು ಬಿದ್ದಿದ್ದರೆ, ಮೂರು ಗಂಟೆಯಲ್ಲಿ ಬೆಂಕಿ ಮೇಲಕ್ಕೆ ಏರಿರುತ್ತದೆ ಎಂದೇ ಲೆಕ್ಕ ಹಾಕಬೇಕು.

ನಂಬಿಕೆಯ ಮಟ್ಟವನ್ನು ಲೋ (ಕಡಿಮೆ), ನಾಮಿನಲ್ (ಸಾಧಾರಣ), ಹೈ (ಹೆಚ್ಚು) ಎಂದು ಗುರುತಿಸಿರುತ್ತಾರೆ. ಹಗಲಿನ ಲೋ ಬಿಂದು ಕಬಿನಿ ಹಿನ್ನೀರಿನ ಪಕ್ಕ ಬಿದ್ದಿದ್ದರೆ ಅದು ಹೆಚ್ಚಾಗಿ ನೀರಿನ ಮೇಲಿನ ಬಿಸಿಲಿನ ಹೊಳಪು. ಕಾಡಿನ ನಡುವೆ ಬಿದ್ದ ಲೋ ಬಿಂದುವನ್ನು ಮಾತ್ರ ನಾನು ಅಳಿಸುವುದಿಲ್ಲ. ಅದು ಇನ್ನೂ ಸಣ್ಣದಾಗಿರುವ ಬೆಂಕಿಯೇ ಇರಬಹುದು, ಕೈಯಲ್ಲಿ ಆರಿಸಬಹುದಾದದ್ದೂ ಅದೇ. ರಾತ್ರಿ ನಮ್ಮ ಭಾಗದಲ್ಲಿ ಲೋ ಬರುವುದೇ ಇಲ್ಲ, ಹಾಗಾಗಿ ರಾತ್ರಿಯ ಯಾವ ಬಿಂದುವನ್ನೂ ಬಿಡಬೇಡಿ. ಇಟ್ಟಿಗೆ ಗೂಡು, ಕಾರ್ಖಾನೆಯ ಚಿಮಣಿಗಳೂ ಬಿಂದುವಾಗಿ ಬರುತ್ತವೆ. ಇವನ್ನು ಬೇರ್ಪಡಿಸುವ ಕಾಲಂ ತಿಂಗಳುಗಳ ಬಳಿಕ ಬರುವ ಪರಿಷ್ಕೃತ ದತ್ತಾಂಶದಲ್ಲಿದೆ, ತಕ್ಷಣದ ದತ್ತಾಂಶದಲ್ಲಿ ಇಲ್ಲ. ಹಿಂದಿನ ಎರಡು ಮೂರು ವರ್ಷಗಳ ಬಿಂದುಗಳನ್ನು ಒಟ್ಟಿಗೆ ಹಾಕಿ, ಮಳೆಗಾಲದಲ್ಲೂ ಒಂದೇ ಜಾಗದಲ್ಲಿ ಕಾಣುವುದನ್ನು ಗುರುತು ಹಾಕಿಟ್ಟರೆ ಆಯಿತು. ಅರಣ್ಯ ಇಲಾಖೆಯವರೇ ಬೆಂಕಿ ಹಬ್ಬದಂತೆ ಮೊದಲೇ ಬೆಂಕಿರೇಖೆ (ಬೋಳು ಪಟ್ಟಿ) ಸುಡುವ ದಿನಗಳ ಪಟ್ಟಿಯನ್ನೂ ವಲಯ ಕಚೇರಿಯಿಂದ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಸುಟ್ಟ ವಿಸ್ತೀರ್ಣಕ್ಕೆ ಬಿಂದುಗಳನ್ನು ಎಣಿಸಿ ಗುಣಿಸಬಾರದು. ಅದಕ್ಕೆ ಐದು ದಿನಕ್ಕೊಮ್ಮೆ ಬರುವ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಬೇಕು. ಅದರ ಬ್ಯಾಂಡ್ 8ಎ (ಸಮೀಪ ಅವಕೆಂಪು) ಮತ್ತು ಬ್ಯಾಂಡ್ 12 (ಕಿರುತರಂಗ ಅವಕೆಂಪು) ಇವುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸುಟ್ಟದ್ದನ್ನು ತೋರಿಸುವ ಎನ್‌ಬಿಆರ್ ಸೂಚ್ಯಂಕ. ಬೆಂಕಿಗೆ ಮುಂಚಿನದರಿಂದ ನಂತರದ್ದನ್ನು ಕಳೆದರೆ ಸುಟ್ಟ ಜಾಗ ಎದ್ದು ಕಾಣುತ್ತದೆ. 2022ರ ಜನವರಿ 25ರಿಂದ ಈ ಚಿತ್ರಗಳ ಸಂಖ್ಯೆಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಕಡತ ಇಳಿಸಿ ನೀವೇ ಲೆಕ್ಕ ಹಾಕುವುದಾದರೆ ಅದನ್ನು ಮೊದಲು ಕಳೆಯಿರಿ. ಈ ಎರಡು ಬ್ಯಾಂಡ್‌ಗಳಲ್ಲಿ ಕ್ರಮವಾಗಿ 2200 ಮತ್ತು 3000 ಇರುವ ಪಿಕ್ಸೆಲ್‌ನ ನಿಜವಾದ ಎನ್‌ಬಿಆರ್ -0.25, ಕಳೆಯದಿದ್ದರೆ -0.15 ಬರುತ್ತದೆ. ಇಷ್ಟು ತಪ್ಪಿದರೆ ಅರೆಸುಟ್ಟ ಜಾಗಗಳೆಲ್ಲ ಲೆಕ್ಕದಿಂದ ಜಾರಿಹೋಗುತ್ತವೆ.

ಬಂಡೀಪುರದಲ್ಲಿ ಇದಕ್ಕಿಂತ ದೊಡ್ಡ ತೊಡಕು ಎಲೆ ಉದುರುವುದು. ತೇಗದ ನೆಡುತೋಪು ಬೋಳಾದರೂ ಎನ್‌ಬಿಆರ್ ಇಳಿಯುತ್ತದೆ. ಡಿಸೆಂಬರಿನ ಚಿತ್ರವನ್ನು ಮಾರ್ಚಿನದಕ್ಕೆ ಹೋಲಿಸಿದರೆ ಅರ್ಧ ಕಾಡು ಸುಟ್ಟಂತೆ ಕಾಣುತ್ತದೆ. ಬೆಂಕಿಗೆ ತೀರ ಹತ್ತಿರದ ದಿನದ ಚಿತ್ರವನ್ನೇ ಆರಿಸಬೇಕು. ಅಷ್ಟೇ ಅಲ್ಲದೆ, ಪಕ್ಕದಲ್ಲೇ ಸುಡದೆ ಉಳಿದ ಅದೇ ಬಗೆಯ ಕಾಡಿನ ವ್ಯತ್ಯಾಸದ ಮಧ್ಯಮ ಮೌಲ್ಯವನ್ನು ಇಡೀ ಚಿತ್ರದಿಂದ ಕಳೆಯಬೇಕು. ಪುಸ್ತಕಗಳಲ್ಲಿ ಈ ವ್ಯತ್ಯಾಸ 0.1 ದಾಟಿದರೆ ಸುಟ್ಟದ್ದು ಎಂಬ ಮಿತಿಸಂಖ್ಯೆ ಇದೆ. ಇಲ್ಲಿಗೆ ಆ ಸಂಖ್ಯೆಯನ್ನು ಹಾಗೇ ತರುವುದು ಸರಿಯಲ್ಲ, ನೆಲದಲ್ಲಿ ನಡೆದು ಗುರುತಿಸಿದ ಸುಟ್ಟ ಅಂಚಿನ ಮೇಲೆ ಕೂರಿಸಿಕೊಳ್ಳಬೇಕು. 2019ರ ಫೆಬ್ರವರಿ ಕೊನೆಯ ದೊಡ್ಡ ಬೆಂಕಿಯ ಚಿತ್ರಗಳು ಉಚಿತವಾಗಿಯೇ ಸಿಗುತ್ತವೆ, ಕೈ ಪಳಗಿಸಿಕೊಳ್ಳಲು ಅವೇ ಸೂಕ್ತ.

ಬೂದಿಯನ್ನು ಗಾಳಿ ಹೊತ್ತೊಯ್ಯುತ್ತದೆ, ಒಂದು ಮಳೆ ಬಿದ್ದರೆ ಹೊಸ ಹುಲ್ಲು ಮೊಳೆಯುತ್ತದೆ. ಆದ್ದರಿಂದ ಬೆಂಕಿ ಆರಿದ ನಂತರದ ಮೊದಲ ಎರಡು ಮೋಡವಿಲ್ಲದ ಚಿತ್ರಗಳಲ್ಲೇ ಗಡಿ ಎಳೆದು ಮುಗಿಸುತ್ತೇನೆ. 20 ಮೀಟರಿನ 25 ಪಿಕ್ಸೆಲ್ ಸೇರಿದರೆ ಒಂದು ಹೆಕ್ಟೇರ್. ವರದಿಯಲ್ಲಿ ವಿಸ್ತೀರ್ಣದ ಪಕ್ಕದಲ್ಲೇ ಬೆಂಕಿಗೆ ಮುಂಚಿನ ಮತ್ತು ನಂತರದ ಚಿತ್ರಗಳ ದಿನಾಂಕ ಮತ್ತು ಬಳಸಿದ ಮಿತಿಸಂಖ್ಯೆಯನ್ನು ಬರೆಯುತ್ತೇನೆ, ಬೇರೆಯವರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಅಷ್ಟು ಬೇಕು.