ಮೊದಲು ಶೂ, ಕಟ್ಟಕಡೆಗೆ ಬ್ಯಾಗು

ಚಾರಣ ಶುರು ಮಾಡಬೇಕೆಂದು ಹೊರಟವರು ಅಂಗಡಿಯಲ್ಲಿ ಮೊದಲು ಕೈ ಹಾಕುವುದು ದೊಡ್ಡ ಬ್ಯಾಗಿಗೆ. ಬ್ಯಾಗು ದೊಡ್ಡದಿದ್ದರೆ ಅದನ್ನು ತುಂಬಿಸುವಷ್ಟು ಸಾಮಾನೂ ತಾನಾಗಿ ಬಂದು ಸೇರುತ್ತದೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಕ್ರಮ: ಮೊದಲು ಶೂ, ಆಮೇಲೆ ಬಟ್ಟೆ, ಕೊನೆಗೆ ಬ್ಯಾಗು. ಟೆಂಟು, ಸ್ಲೀಪಿಂಗ್ ಬ್ಯಾಗು, ಊರುಗೋಲು ಇವೆಲ್ಲ ಸದ್ಯಕ್ಕೆ ಎರವಲಿಗೋ ಬಾಡಿಗೆಗೋ ಸಿಕ್ಕರೆ ಸಾಕು.

ಶೂ ನೋಡಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ದಾರಿಯಲ್ಲೂ ಹಾಗೇ ಊದುತ್ತದೆ. ನಡೆಯುವಾಗ ಹಾಕಿಕೊಳ್ಳುವ ಕಾಲುಚೀಲವನ್ನೇ ತೊಟ್ಟು ಹೋಗಿ. ಒಳಗಿನ ಇನ್‌ಸೋಲ್ ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ (ಎಷ್ಟೋ ಜನರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು) ಒಂದು ಹೆಬ್ಬೆಟ್ಟಿನ ಅಗಲದಷ್ಟು ಜಾಗ ಉಳಿಯಬೇಕು, ಪಾದ ಬದಿಗೆ ಚಾಚಿಕೊಳ್ಳಬಾರದು. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ. ದೊಡ್ಡದಕ್ಕೆ ಹೊಂದುವುದನ್ನೇ ತೆಗೆದುಕೊಳ್ಳಿ.

ಆಮೇಲೆ ಲೇಸು ಬಿಗಿದು ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ಶೂವಿನ ಮೂತಿಗೆ ತಗುಲಿದರೆ ಅಲ್ಲೇ ಬಿಚ್ಚಿಡಿ. ಉಗುರು ಕಪ್ಪಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹತ್ತುವಾಗ ಗಮನಿಸಬೇಕಾದ್ದು ಹಿಮ್ಮಡಿಯನ್ನು. ಅದು ಒಳಗೆ ಮೇಲೇಳುತ್ತಿದ್ದರೆ ನೀರ್ಗುಳ್ಳೆ ಖಾತ್ರಿ. ಲೇಸನ್ನು ಮೇಲಿನ ತೂತಿನಲ್ಲಿ ಕುಣಿಕೆ ಮಾಡಿ ಬಿಗಿದು ನೋಡಿ, ಆಗಲೂ ಎದ್ದರೆ ಬೇರೆ ಜೋಡಿ ಕೇಳಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅನ್ನುವ ಮಾತನ್ನು ಅರ್ಧ ಮಾತ್ರ ನಂಬಿ. ಚರ್ಮ ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ.

ವಾಟರ್‌ಪ್ರೂಫ್ ಶೂ ಎಲ್ಲರಿಗೂ ಬೇಕಿಲ್ಲ. ಚಳಿ, ಹಿಮ, ಒದ್ದೆ ಹುಲ್ಲಿನ ದಾರಿಗೆ ಒಳ್ಳೆಯದೇ. ಆದರೆ ಸೆಕೆಯಲ್ಲಿ ಹೊಳೆ ದಾಟಬೇಕಾದ ಕಡೆ ನೀರು ಮೇಲಿನಿಂದ ನುಗ್ಗುತ್ತದೆ, ನುಗ್ಗಿದ್ದು ಬೇಗ ಹೋಗುವುದಿಲ್ಲ. ಅಂಥಲ್ಲಿಗೆ ಬೇಗ ಒಣಗುವ ಜಾಲರಿ ಶೂವೇ ವಾಸಿ.

ಶೂ ಮಾತ್ರ ಎರವಲು ತರಬೇಡಿ. ನಮ್ಮ ಜೊತೆ ಬಂದಿದ್ದ ಒಬ್ಬರು ಚಿಕ್ಕಪ್ಪನ ಬೂಟು ಹಾಕಿಕೊಂಡಿದ್ದರು. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದದ್ದು, ನೋಡಲು ಹೊಸದು. ಅರ್ಧ ದಾರಿಯಲ್ಲಿ ಅಟ್ಟೆಯ ನಡುವಿನ ಪದರ ಹಳೇ ಗಾರೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಆ ಪದರ ಪ್ಲಾಸ್ಟಿಕ್ಕಿನ ಜಾತಿಯ ಪಾಲಿಯುರೆಥೇನ್‌ನದಾದರೆ ಗಾಳಿಯ ತೇವವೇ ಅದನ್ನು ನಿಧಾನವಾಗಿ ಒಡೆಯುತ್ತದೆ, ಬಳಸದೆ ಇಟ್ಟರೂ ತಪ್ಪದು. ಉಳಿದ ದಾರಿಯನ್ನು ಅವರು ಅಟ್ಟೆಗೆ ಟೇಪು ಸುತ್ತಿಕೊಂಡು ನಡೆದರು.

ಬಟ್ಟೆಯ ವಿಷಯ ಸರಳ. ಮೈಗೆ ತಾಗುವುದು ಹತ್ತಿಯದ್ದು ಬೇಡ. ಬೆವರು ಹೀರಿ ಒಣಗದೆ ಕೂರುತ್ತದೆ, ನಿಂತ ಕೂಡಲೇ ಚಳಿ ಹತ್ತುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಇರಲಿ. ಅದರ ಮೇಲೊಂದು ಬೆಚ್ಚನೆಯ ಪದರ, ಎಲ್ಲದರ ಮೇಲೆ ಮಳೆ ಜಾಕೆಟ್. ಜಾಕೆಟ್ಟಿನ ಒಳಭಾಗ ಮಗುಚಿ ನೋಡಿ, ನೀರು ಒಳಗಿಳಿಯದ ಹಾಗೆ ಹೊಲಿಗೆಯ ಮೇಲೆಲ್ಲ ಟೇಪು ಅಂಟಿಸಿರಬೇಕು. ಸೆಕೆ ಹೊರಹೋಗಲು ಕಂಕುಳಲ್ಲಿ ಜಿಪ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಸ್ಲೀಪಿಂಗ್ ಬ್ಯಾಗು ಬಾಡಿಗೆಗೆ ತರುವಾಗ ಚೀಟಿಯಲ್ಲಿರುವ ಉಷ್ಣಾಂಶಗಳಲ್ಲಿ ‘ಕಂಫರ್ಟ್’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ‘ಲಿಮಿಟ್’ ಅಂದರೆ ಮುದುಡಿ ಮಲಗಿ ರಾತ್ರಿ ಕಳೆಯುವ ಮಟ್ಟ.

ಇನ್ನು ಬ್ಯಾಗು. ಒಯ್ಯುವುದನ್ನೆಲ್ಲ ಒಂದು ರಟ್ಟಿನ ಡಬ್ಬಕ್ಕೆ ತುಂಬಿ ಗಾತ್ರ ನೋಡಿಕೊಂಡು ಅಂಗಡಿಗೆ ಹೋಗಿ. ಒಂದು ದಿನದ ನಡಿಗೆಗೆ 20ರಿಂದ 30 ಲೀಟರ್ ಸಾಕು. ಲೀಟರಿಗಿಂತ ಮುಖ್ಯವಾದದ್ದು ಬೆನ್ನಿನ ಉದ್ದ: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ನೇರಕ್ಕೆ ಟೇಪು ಹಿಡಿದು ಅಳೆಯಿರಿ. ಖಾಲಿ ಬ್ಯಾಗು ಎಲ್ಲರ ಬೆನ್ನಿಗೂ ಹಿತವೇ, ಹಾಗಾಗಿ ನಾಲ್ಕೈದು ಲೀಟರ್ ನೀರಿನ ಬಾಟಲಿ ತುಂಬಿಸಿ ಹೊತ್ತು ನೋಡಿ. ಪಟ್ಟಿಗಳನ್ನೆಲ್ಲ ಸಡಿಲಿಸಿ ಮೊದಲು ಸೊಂಟದ್ದು, ಆಮೇಲೆ ಹೆಗಲಿನದು, ಕೊನೆಗೆ ಎದೆಯದು ಬಿಗಿಯಿರಿ. ಸೊಂಟದ ಪಟ್ಟಿ ಬಿಗಿದ ಮೇಲೂ ಭಾರವೆಲ್ಲ ಹೆಗಲ ಮೇಲೇ ಜಗ್ಗುತ್ತಿದ್ದರೆ ಬೆನ್ನಿನ ಅಳತೆ ಹೊಂದಿಲ್ಲ ಎಂದೇ ಅರ್ಥ; ಬಣ್ಣ ಎಷ್ಟೇ ಚೆನ್ನಾಗಿದ್ದರೂ ಇನ್ನೊಂದು ಸೈಜು ಕೇಳಿ.