ನಡುಗಡ್ಡೆಗೆ ದಿನಸಿ ಒಯ್ಯುವ ಹರಿಗೋಲಿನವರಿಗೆ

ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಆಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿ, ಓಂಕಾರಗಡ್ಡಿಯ ಮಂದಿ ನೀರಿನ ನಡುವೆ ಉಳಿಯುತ್ತಾರೆ. ತುಂಗಭದ್ರೆ ಉಕ್ಕಿದರೆ ಕಂಪ್ಲಿ ಸೇತುವೆಗೂ ಗಂಗಾವತಿ ಕಡೆಯ ವಿರುಪಾಪುರಗಡ್ಡಿಗೂ ಇದೇ ಪಾಡು. ಅಂಥ ಹೊತ್ತಿನಲ್ಲಿ ಸ್ವಂತ ಹರಿಗೋಲು ತೆಗೆದುಕೊಂಡು ನೆರವಿಗೆ ಹೊರಡುವವರು ಒಂದು ಮಾತು ಗಟ್ಟಿಯಾಗಿ ಹಿಡಿಯಬೇಕು: ಪ್ರವಾಹ ಏರುವಾಗ ಜನರನ್ನು ತರುವ ಕೆಲಸ ಅಗ್ನಿಶಾಮಕ ದಳ ಮತ್ತು ಎನ್‌ಡಿಆರ್‌ಎಫ್‌ನವರದು. ನೀರು ಇಳಿಯತೊಡಗಿದ ಮೇಲೆ ದಿನಸಿ, ಔಷಧಿ, ಮೇವು ಮುಟ್ಟಿಸುವುದು ನಮ್ಮದು.

ಹೊರಡುವ ಮುನ್ನ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ, ಆಣೆಕಟ್ಟಿನಿಂದ ಈಗ ಎಷ್ಟು ಕ್ಯುಸೆಕ್ ಬಿಡುತ್ತಿದ್ದಾರೆ, ಇವತ್ತು ಹೆಚ್ಚಿಸುತ್ತಾರೆಯೇ ಎಂದು ಕೇಳಿ. ಎರಡನೆಯ ಪ್ರಶ್ನೆಯೇ ಮುಖ್ಯ. ಬಿಟ್ಟ ನೀರು ಕೆಳಗಿನ ಊರಿಗೆ ತಲುಪಲು ತಾಸುಗಟ್ಟಲೆ ಬೇಕು. ಹೋಗುವಾಗ ಶಾಂತವಾಗಿದ್ದ ಹೊಳೆ ಬರುವಾಗ ಬೇರೆಯೇ ಆಗಿರುತ್ತದೆ. ದಡದ ನೀರಿನಂಚಿಗೆ ಒಂದು ಗೂಟ ನೆಟ್ಟು, ಅದನ್ನು ನೋಡುತ್ತಿರಲು ಒಬ್ಬರನ್ನು ಫೋನ್ ಸಮೇತ ಕೂರಿಸಿ. ತಹಶೀಲ್ದಾರರ ಒಪ್ಪಿಗೆ ಇಲ್ಲದೆ ಇಳಿಯಬೇಡಿ. ನೀವು ಹೊಳೆಯಲ್ಲಿದ್ದೀರಿ ಎಂಬುದು ಅವರಿಗೆ ಗೊತ್ತಿರಲೇಬೇಕು. ದಾರಿಯಲ್ಲಿ ಜೋತುಬಿದ್ದ ವಿದ್ಯುತ್ ತಂತಿ ಇದ್ದರೆ ಜೆಸ್ಕಾಂನವರು ಲೈನ್ ಆಫ್ ಮಾಡಿದ್ದು ಖಾತ್ರಿಯಾದ ಮೇಲೆಯೇ ಹೊರಡಿ.

ಸೆಳವು ಅಳೆಯುವುದು ಸುಲಭ. ದಡದಲ್ಲಿ 20 ಮೀಟರ್ ಗುರುತು ಮಾಡಿ, ನಡುನೀರಿನಲ್ಲಿ ತೇಲಿಹೋಗುವ ಕಸಕಡ್ಡಿಯನ್ನು ನೋಡಿ. 15 ಸೆಕೆಂಡಿಗಿಂತ ಬೇಗ ದಾಟಿದರೆ ಹೊಳೆ ಮನುಷ್ಯನ ನಡಿಗೆಗಿಂತ ಜೋರಾಗಿದೆ ಎಂದರ್ಥ, ಹೋಗಬೇಡಿ. 20 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 1 ಮೀಟರ್. ನೀವು ಹುಟ್ಟು ಹಾಕಿ ಅಡ್ಡಕ್ಕೆ ಸಾಗುವುದು ಅದರ ಅರ್ಧದಷ್ಟು ಎಂದಿಟ್ಟುಕೊಂಡರೆ, 200 ಮೀಟರ್ ಅಗಲದ ಹೊಳೆ ದಾಟುವಷ್ಟರಲ್ಲಿ 400 ಮೀಟರ್ ಕೆಳಗೆ ಹೋಗಿರುತ್ತೀರಿ. ಆದ್ದರಿಂದ ಹರಿಗೋಲನ್ನು ದಡದ ಮೇಲೆ ಹೊತ್ತು ಅಷ್ಟು ದೂರ ಮೇಲಕ್ಕೆ ಒಯ್ದು ಅಲ್ಲಿಂದ ಬಿಡಬೇಕು. ಇಳಿಯುವ ಜಾಗದ ಕೆಳಗೆ ಬಂಡೆಯೋ ಮುಳುಗಿದ ಸೇತುವೆಯೋ ಇದ್ದರೆ ಆ ಜಾಗವನ್ನೇ ಬಿಡಿ. ಹಂಪಿ, ಆನೆಗುಂದಿ ಸುತ್ತ ಹೊಳೆಯ ತುಂಬ ಬಂಡೆ. ಪ್ರವಾಹದಲ್ಲಿ ಅಲ್ಲಿ ಹರಿಗೋಲು ಹಾಕುವ ಮಾತೇ ಬೇಡ.

ಹರಿಗೋಲನ್ನು ಬೋರಲು ಹಾಕಿ ಒಳಗಿನಿಂದ ನೋಡಿ. ಬಿಸಿಲು ಕಾಣುವ ಕಡೆಯೆಲ್ಲ ನೀರು ಬರುತ್ತದೆ. ತೂತಿನ ಸುತ್ತ ಒರೆಸಿ ಪೂರ್ತಿ ಒಣಗಿಸಿ, ಗೋಣಿತಟ್ಟಿನ ತುಂಡಿಟ್ಟು ಮೇಲೆ ಕಾಯಿಸಿದ ಡಾಂಬರು ಬಳಿಯಿರಿ. ಹಸಿಯ ಮೇಲೆ ಬಳಿದದ್ದು ನಡುಹೊಳೆಯಲ್ಲಿ ಕಿತ್ತು ಬರುತ್ತದೆ. ಬಿದಿರು ಮುರಿದಿದ್ದರೆ ತೇಪೆಯಿಂದ ಪ್ರಯೋಜನವಿಲ್ಲ, ಬೇರೆ ಹರಿಗೋಲು ನೋಡಿ. ಒಳಗೆ ಎರಡು ಹುಟ್ಟು, ನೀರು ಮೊಗೆಯಲು ಡಬ್ಬಿ, 30 ಮೀಟರ್ ಪ್ಲಾಸ್ಟಿಕ್ ಹಗ್ಗ ಇರಲಿ. ನೈಲಾನ್ ಹಗ್ಗ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಹಗ್ಗವನ್ನು ಯಾರೂ ಸೊಂಟಕ್ಕೆ ಕಟ್ಟಿಕೊಳ್ಳಬಾರದು. ಮಗುಚಿದಾಗ ಅದೇ ಮನುಷ್ಯನನ್ನು ನೀರಡಿಗೆ ಎಳೆಯುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ ಬೇಕು, ಬಕಲ್ ಹಾಕಿರಬೇಕು. ಚೆನ್ನಾಗಿ ಈಜುವವರೇ ಇದನ್ನು ಬೇಡ ಎನ್ನುವುದು, ಅವರ ಮಾತು ಕೇಳಬೇಡಿ.

ಇನ್ನು ಭಾರ. ನೀರಿನ ಮಟ್ಟದಲ್ಲಿ 2 ಮೀಟರ್ ಅಗಲದ ಹರಿಗೋಲು ಪ್ರತಿ 30 ಕಿಲೋಗೆ ಸುಮಾರು 1 ಸೆಂಟಿಮೀಟರ್ ಇಳಿಯುತ್ತದೆ. 50 ಕಿಲೋದ ನಾಲ್ಕು ಚೀಲ, ಇಬ್ಬರು ಆಳು ಎಂದರೆ 11 ಸೆಂಟಿಮೀಟರ್. ಇದು ಕಡಿಮೆ ಎನಿಸಬಹುದು, ಆದರೆ ಹರಿಗೋಲು ಮುಳುಗುವುದು ಭಾರಕ್ಕಿಂತ ವಾಲಿಕೆಯಿಂದ. ಅಂಚಿಗೆ ಒಬ್ಬ ಎದ್ದು ನಿಂತರೆ ಸಾಕು. ಚೀಲಗಳನ್ನು ನಟ್ಟನಡುವೆ ಅಡ್ಡ ಮಲಗಿಸಿ, ಒಂದರ ಮೇಲೊಂದು ನಿಲ್ಲಿಸಬೇಡಿ. ತುಂಬಿದ ಮೇಲೆ ನೀರಿನಿಂದ ಅಂಚಿಗೆ ಒಂದು ಗೇಣು ಉಳಿಯದಿದ್ದರೆ ಒಂದು ಚೀಲ ಇಳಿಸಿ, ಎರಡನೇ ಸರತಿಗೆ ಒಯ್ಯಿರಿ.

ಏನು ಒಯ್ಯಬೇಕು? ಗಡ್ಡೆಯವರಿಗೆ ಫೋನ್ ಮಾಡಿ ಕೇಳಿ. ಹಳೆ ಬಟ್ಟೆಯ ಗಂಟು ಬೇಡ, ಒದ್ದೆಯಾಗಿ ಕೊಳೆಯುತ್ತದೆ. ಮೊದಲ ಎರಡು ದಿನ ಸೌದೆ ಹಸಿ, ಒಲೆ ಹತ್ತುವುದಿಲ್ಲ. ಹಾಗಾಗಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ ಕಳಿಸಿ. ಆಮೇಲೆ ಐವರ ಮನೆಗೆ ಐದು ದಿನಕ್ಕೆ 10 ಕಿಲೋ ಅಕ್ಕಿ ಅಥವಾ ಜೋಳದ ಹಿಟ್ಟು, ಒಂದೂವರೆ ಕಿಲೋ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಉಪ್ಪು, ಖಾರ, ಬೆಂಕಿಪೆಟ್ಟಿಗೆ. ಪ್ರತಿ ಮನೆಯದ್ದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಕಟ್ಟಿ ಹೆಸರು ಬರೆಯಿರಿ. ದಡದಲ್ಲಿ ಹಂಚಲು ನಿಂತರೆ ಜನ ಹರಿಗೋಲಿನ ಒಂದೇ ಬದಿಗೆ ಮುಗಿಬೀಳುತ್ತಾರೆ.

ಕುಡಿಯುವ ನೀರು ಭಾರದ ಬಾಬತ್ತು. 20 ಲೀಟರಿನ ಒಂದು ಕ್ಯಾನು 20 ಕಿಲೋ. ಅದರ ಬದಲು ಕ್ಲೋರಿನ್ ಗುಳಿಗೆ ಒಯ್ಯಿರಿ. ಕೆಂಪು ನೀರನ್ನು ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಬರೆದಷ್ಟು ಗುಳಿಗೆ ಹಾಕಿ ಅರ್ಧ ತಾಸು ಕಾಯಬೇಕು. ಸೋಸದೆ ಹಾಕಿದರೆ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ. ಓಆರ್‌ಎಸ್ ಪೊಟ್ಟಣ, ಮುಟ್ಟಿನ ಪ್ಯಾಡು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಮರೆಯಬೇಡಿ. ಗುಳಿಗೆಯ ಖಾಲಿ ಹಾಳೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡರೆ ತಪ್ಪಾಗದು.

ದನ ಬಿಟ್ಟು ಬರಲಾರೆವು ಎಂದೇ ಎಷ್ಟೋ ಮಂದಿ ಗಡ್ಡೆಯಲ್ಲಿ ಉಳಿಯುವುದು. ಒಂದು ಎತ್ತಿಗೆ ದಿನಕ್ಕೆ 5-6 ಕಿಲೋ ಒಣಮೇವು ಬೇಕು. ಮೇವು ಹಗುರ, ಆದರೆ ಗಾಳಿ ಹಿಡಿಯುತ್ತದೆ, ಮುಂದಿನದು ಕಾಣದಂತೆ ಮಾಡುತ್ತದೆ, ನೆನೆದರೆ ಭಾರವಾಗುತ್ತದೆ. ಅದನ್ನು ದಿನಸಿಯೊಂದಿಗೆ ಹೇರದೆ, ತಾಡಪಾಲು ಸುತ್ತಿ, ಕುಳಿತವರ ಎದೆಮಟ್ಟಕ್ಕಿಂತ ಮೇಲೆ ಬಾರದಂತೆ ಪ್ರತ್ಯೇಕವಾಗಿ ಒಯ್ಯಿರಿ.

ಬರುವಾಗ ಖಾಲಿ ಹರಿಗೋಲು ಹೆಚ್ಚು ತಿರುಗುತ್ತದೆ, ನಡುವೆ ಮರಳಿನ ಒಂದು ಚೀಲ ಇಟ್ಟುಕೊಳ್ಳಿ. ಹಾವು ಕಡಿದವರು, ಹೆರಿಗೆ ಹತ್ತಿರವಿರುವವರು ಇದ್ದರೆ ಕೂಡಲೇ 1077ಕ್ಕೆ ತಿಳಿಸಿ ಮೋಟಾರು ಬೋಟು ಕೇಳಿ, ದಡಕ್ಕೆ 108 ಕರೆಸಿ. ಹಾವು ಕಡಿದ ಕಾಲನ್ನು ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ, ಅಲುಗಾಡದಂತೆ ಮಲಗಿಸಿ. ಕೊನೆಯ ಸರತಿ ಹೊತ್ತು ಮುಳುಗುವುದಕ್ಕೆ ಎರಡು ತಾಸು ಮೊದಲೇ ಮುಗಿಯಬೇಕು. ದಡ ಸೇರಿದ ಕೂಡಲೇ ಕಾವಲು ಕೂತವರಿಗೂ ತಹಶೀಲ್ದಾರ್ ಕಚೇರಿಗೂ ಫೋನ್ ಮಾಡಿ, ಎಲ್ಲರೂ ಬಂದೆವೆಂದು ಹೆಸರು ಹೇಳಿ ತಿಳಿಸಿ.