ಎಂಟು ಅಕ್ಷರದ ಚೀನೀ ಜಾತಕ: ಭವಿಷ್ಯ ಬಿಡಿ, ಪ್ರಶ್ನೆ ಹುಡುಕಿ

ಚೀನಾದ ಜ್ಯೋತಿಷ್ಯವೆಂದರೆ ಇಲಿ, ಹುಲಿ, ಮೊಲ ಎಂದುಕೊಂಡವರೇ ಹೆಚ್ಚು. ಆ ಪ್ರಾಣಿ ನಾವು ಹುಟ್ಟಿದ ವರ್ಷದ ಗುರುತು ಮಾತ್ರ. ಪೂರ್ಣ ಜಾತಕ ‘ಬಾಝಿ’ಗೆ ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಕಂಬಗಳು, ಒಂದೊಂದರಲ್ಲೂ ಎರಡು ಅಕ್ಷರ. ಇದು ಮುಂದಾಗುವುದನ್ನು ಹೇಳುತ್ತದೆಂದು ನಾನು ನಂಬುವುದಿಲ್ಲ. ಆದರೆ ನಾವಾಗಿ ಕೇಳಿಕೊಳ್ಳದ ಪ್ರಶ್ನೆಗಳನ್ನು ಎತ್ತಿಕೊಡುತ್ತದೆ.

ಮೊದಲು ಜಾತಕ ತಯಾರಿಸಿಕೊಳ್ಳಿ. ಹುಟ್ಟಿದ ದಿನಾಂಕ, ಸಮಯ, ಊರು ಕೊಟ್ಟರೆ ಉಚಿತವಾಗಿ ಲೆಕ್ಕ ಹಾಕುವ ಜಾಲತಾಣಗಳಿವೆ. ಒಂದು ಹೊತ್ತೆಂದರೆ ಎರಡು ಗಂಟೆ. ಅಂಚಿನಲ್ಲಿ ಹುಟ್ಟಿದವರಿಗಷ್ಟೇ ನಿಮಿಷದ ಚಿಂತೆ. ವರ್ಷ ಬದಲಾಗುವುದು ಫೆಬ್ರುವರಿ 4ರ ಸುಮಾರಿಗೆ ಬರುವ ‘ಲಿಚುನ್’ ದಿನ.

2000ದ ಜನವರಿ 1ರ ನಡುಹಗಲು ಬೀಜಿಂಗ್‌ನಲ್ಲಿ ಹುಟ್ಟಿದವರನ್ನು ತೆಗೆದುಕೊಳ್ಳಿ. ವರ್ಷ ಇನ್ನೂ ಮೊಲದ್ದೇ. ದಿನದ ಕಂಬದ ಮೇಲಿನ ಅಕ್ಷರ ‘ವೂ’, ಅಂದರೆ ಯಾಂಗ್ (ಯಿನ್-ಯಾಂಗ್ ಜೋಡಿಯ ಸಕ್ರಿಯ ಮುಖದ) ಮಣ್ಣು. ಜಾತಕದ ‘ನಾನು’ ಅದೇ. ಎಂಟು ಅಕ್ಷರಗಳನ್ನು ಐದು ತತ್ತ್ವಗಳಿಗೆ ಹಂಚಿದರೆ ಮಣ್ಣು 3, ಬೆಂಕಿ 3, ಮರ 1, ನೀರು 1, ಲೋಹವೇ ಇಲ್ಲ.

ಈಗ ಸಂಬಂಧ ನೋಡಿ. ಮಣ್ಣನ್ನು ಹುಟ್ಟಿಸುವುದು ಬೆಂಕಿ: ಕಲಿಕೆ, ಆಸರೆ. ಮಣ್ಣಿನಿಂದ ಹುಟ್ಟುವುದು ಲೋಹ: ಮಾತು, ಸೃಷ್ಟಿ. ಮಣ್ಣು ಅಂಕೆಯಲ್ಲಿಡುವ ನೀರು ಹಣವಾದರೆ, ಮಣ್ಣನ್ನೇ ಅಂಕೆಯಲ್ಲಿಡುವ ಮರ ಶಿಸ್ತು, ಅಧಿಕಾರ.

ಲೋಹವಿಲ್ಲವೆಂದು ಉಂಗುರ ಮಾರಲು ಬರುವವರಿದ್ದಾರೆ; ಅವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ. ಕೊರತೆಯನ್ನು ಪ್ರಶ್ನೆಯಾಗಿಸಿ: ‘ಓದುತ್ತಲೇ, ಸಲಹೆ ಕೇಳುತ್ತಲೇ ಇದ್ದೇನೆ, ಕಲಿತದ್ದರಲ್ಲಿ ನಾಲ್ಕು ಜನರ ಮುಂದಿಟ್ಟದ್ದು ಎಷ್ಟು?’ ಉತ್ತರವಾಗಿ ಕಳೆದ ವರ್ಷದ ನಿಜ ಘಟನೆಯೊಂದನ್ನು ಪುಸ್ತಕವೊಂದರಲ್ಲಿ ಬರೆಯಿರಿ. ‘ನಾನು ಸಂಕೋಚದವಳು’ ಎಂಬಂಥ ಸ್ವಭಾವವರ್ಣನೆ ನಡೆಯದು. ಯಾವ ಸಭೆಯಲ್ಲಿ, ಯಾವ ಮಾತನ್ನು ನುಂಗಿಕೊಂಡಿರಿ ಎಂದೇ ಬರೆಯಬೇಕು. ಪಕ್ಕದಲ್ಲಿ ಜಾತಕವನ್ನು ಸುಳ್ಳಾಗಿಸುವ ಘಟನೆಯನ್ನೂ ಬರೆಯಿರಿ. ಹೊಂದುವುದು ಥಟ್ಟನೆ ನೆನಪಾಗುತ್ತದೆ. ಹೊಂದದ್ದನ್ನು ಹುಡುಕಬೇಕು, ಹೆಚ್ಚಿನ ಫಲ ಸಿಗುವುದೂ ಅಲ್ಲೇ.

ಕೊನೆಗೊಂದು ಪರೀಕ್ಷೆ. ಯಾವುದೋ ಬೇರೆ ದಿನಾಂಕದ ಜಾತಕ ತೆಗೆದು ಅದರ ವಿವರಣೆಯನ್ನು ನಿಮ್ಮದೆಂದೇ ಓದಿ. ಅದೂ ನಿಮಗೆ ಅಷ್ಟೇ ಚೆನ್ನಾಗಿ ಒಪ್ಪಿದರೆ ಆ ವಾಕ್ಯ ಯಾರಿಗಾದರೂ ಒಪ್ಪುವಂಥದ್ದು. ನಿಮ್ಮ ಪುಸ್ತಕದಲ್ಲಿ ಅಂಥ ವಾಕ್ಯಗಳಿದ್ದರೆ ಹೊಡೆದುಹಾಕಿ, ಘಟನೆಗಳನ್ನು ಮಾತ್ರ ಉಳಿಸಿಕೊಳ್ಳಿ.